ಚಕ್ರದ ಬದಲಾವಣೆಯೂ ಪರಿಗ್ರಹದ ಪರಿಮಾಣವೂ

ವ್ರತಗಳ ಪರೀಕ್ಷೆ ನಡೆಯುವುದು ಬದುಕಿನ ದೊಡ್ಡ ಸಂದರ್ಭಗಳಲ್ಲಿ ಎಂಬ ಭಾವನೆ ಸಾಮಾನ್ಯವಾಗಿದೆ. ಮನೆ ಕಟ್ಟುವಾಗ, ಜಮೀನು ಕೊಳ್ಳುವಾಗ, ಮಕ್ಕಳ ಮದುವೆಗೆ ಒಡವೆ ಮಾಡಿಸುವಾಗ ಶ್ರಾವಕನು ತಾನು ಕೈಗೊಂಡ ಪರಿಗ್ರಹ ಪರಿಮಾಣವನ್ನು ನೆನೆಯುವುದುಂಟು. ಆದರೆ ಸಂಗ್ರಹವೆಂಬುದು ಮನೆಯೊಳಗೆ ಬರುವುದು ಹೆಬ್ಬಾಗಿಲಿನಿಂದ ಮಾತ್ರವಲ್ಲ. ಯಾರ ಗಮನಕ್ಕೂ ಬಾರದ ಚಿಕ್ಕಪುಟ್ಟ ಖರೀದಿಗಳ ಮೂಲಕವೇ ಅದು ಹೆಚ್ಚಾಗಿ ಬರುತ್ತದೆ. ಆದ್ದರಿಂದ ವ್ರತದ ವಿಚಾರವನ್ನು ಚಿಕ್ಕದೊಂದು ಪ್ರಶ್ನೆಯ ಮೂಲಕ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಗುಡ್ಡದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸುವ ಹವ್ಯಾಸ ಇಂದು ಬೆಂಗಳೂರು, ಮೈಸೂರುಗಳ ಯುವಕರಲ್ಲಿಯೂ ಹರಡಿದೆ. ಅಂತಹ ಸೈಕಲ್ಲಿನ ಚಕ್ರ ಸವೆದಾಗ ಅದರ ಒಡೆಯನ ಮುಂದೆ ಮೂರು ದಾರಿಗಳಿರುತ್ತವೆ: ಇರುವುದನ್ನು ದುರಸ್ತಿ ಮಾಡಿಸುವುದು, ಅದೇ ಬಗೆಯ ಹೊಸ ಚಕ್ರವನ್ನು ಹಾಕಿಸುವುದು, ಇಲ್ಲವೇ ಅದಕ್ಕಿಂತ ಹಗುರವೂ ಬೆಲೆಯುಳ್ಳದ್ದೂ ಆದ ಮೇಲ್ದರ್ಜೆಯ ಚಕ್ರವನ್ನು ಕೊಳ್ಳುವುದು. ಮೇಲುನೋಟಕ್ಕೆ ಇದು ಸೈಕಲ್ ಅಂಗಡಿಯಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ. ವಿಚಾರ ಮಾಡಿದರೆ ಇದರಲ್ಲಿ ಅಹಿಂಸೆ, ಸತ್ಯ, ಅಪರಿಗ್ರಹ ಎಂಬ ಮೂರು ವ್ರತಗಳೂ ಸೇರಿಕೊಂಡಿರುವುದು ಕಂಡುಬರುತ್ತದೆ.

ಈ ಕ್ರೀಡೆಯ ಹುಟ್ಟಿನಲ್ಲಿಯೇ ಸ್ವಾರಸ್ಯವಾದ ಸಂಗತಿಯೊಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತದಲ್ಲಿ 1970ರ ದಶಕದಲ್ಲಿ ಕೆಲವು ಯುವಕರು 1930–40ರ ದಶಕಗಳ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು, ಸರಿಪಡಿಸಿ, ಗುಡ್ಡಗಳಿಂದ ಕೆಳಗೆ ಓಡಿಸತೊಡಗಿದರು. 1976ರಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿಯ ಕಡಿದಾದ ಮಣ್ಣುದಾರಿಯಲ್ಲಿ ಅವರು ಸ್ಪರ್ಧೆಯನ್ನೂ ಆರಂಭಿಸಿದರು. ಹಿಂದಿನ ಚಕ್ರದ ಹಬ್ಬಿನೊಳಗೇ ಇದ್ದ ಬ್ರೇಕು ಇಳಿಜಾರಿನಲ್ಲಿ ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ, ಓಟ ಮುಗಿದ ಮೇಲೆ ಹಬ್ಬನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವ ಕ್ರಿಯೆಯಿಂದಲೇ ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂದಿತು. ಇಂದು ಮೇಲ್ದರ್ಜೆಯ ಭಾಗಗಳ ದೊಡ್ಡ ಮಾರುಕಟ್ಟೆಯಾಗಿ ಬೆಳೆದಿರುವ ಈ ಕ್ರೀಡೆ ಆರಂಭವಾದದ್ದು ಬಿಸಾಡಿದ ವಸ್ತುಗಳಿಂದ ಮತ್ತು ಚಕ್ರದ ದುರಸ್ತಿಯಿಂದ ಎಂಬುದು ನೆನಪಿನಲ್ಲಿಡತಕ್ಕ ಮಾತು.

ವಿಚಾರ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದ ಶ್ರಾವಕನೊಬ್ಬನಲ್ಲಿ ಹದಿನೈದು ವರ್ಷ ಹಳೆಯ ಮೌಂಟನ್ ಬೈಕ್ ಇದೆ. ಅದರ ಚಕ್ರ 26 ಅಂಗುಲದ್ದು. ಬ್ರೇಕು ರಿಮ್ಮಿನ ಅಂಚನ್ನೇ ಹಿಡಿಯುವ ಹಳೆಯ ಬಗೆಯದು. ಹಿಂದೆ ಒಂಬತ್ತು ಗೇರುಗಳಿವೆ. ಭಾನುವಾರಗಳಂದು ಅವನು ಗೆಳೆಯರೊಡನೆ ಗುಡ್ಡದಾರಿಗೆ ಹೋಗುತ್ತಾನೆ. ಹಿಂದಿನ ಚಕ್ರ ಅಲುಗಾಡತೊಡಗಿದೆ, ಎರಡು ಕಡ್ಡಿಗಳು ಮುರಿದಿವೆ. ಗೆಳೆಯರಲ್ಲಿ ಹಲವರು ಕಾರ್ಬನ್ ರಿಮ್ಮಿನ ದೊಡ್ಡ ಚಕ್ರಗಳನ್ನು ಹಾಕಿಸಿಕೊಂಡಿದ್ದಾರೆ. “ಈ ಚಕ್ರ ಕೆಟ್ಟುಹೋಯಿತು, ಬದಲಿಸಲೇಬೇಕು” ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ವಿಷಯ.

ಮೊದಲು ಚಕ್ರದ ಪಕ್ಷವನ್ನು ನೋಡಬೇಕು. ಜೈನ ವಿಚಾರದಲ್ಲಿ ಹಿಂಸೆಯ ಮೂಲವಿರುವುದು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಪ್ರಮಾದದಿಂದ ನಡೆದುಕೊಳ್ಳುವವನ ಕೈಯಿಂದ ಜೀವವೊಂದು ಸಾಯಲಿ, ಸಾಯದಿರಲಿ, ಅವನಲ್ಲಿ ಹಿಂಸೆ ನೆಲೆಸಿದೆ ಎಂಬುದು ಅವರ ಅಭಿಪ್ರಾಯ. ರಿಮ್ಮನ್ನು ಹಿಡಿಯುವ ಬ್ರೇಕು ಪ್ರತಿ ಬಾರಿಯೂ ರಿಮ್ಮಿನ ಗೋಡೆಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಕೆಸರೂ ಮರಳೂ ಸೇರಿದರೆ ಸವೆತ ಇನ್ನೂ ಬೇಗ. ಅನೇಕ ರಿಮ್ಮುಗಳ ಅಂಚಿನಲ್ಲಿ ಸವೆತವನ್ನು ತಿಳಿಯಲೆಂದೇ ಸಣ್ಣ ಗೀರನ್ನೋ ಚುಕ್ಕೆಯನ್ನೋ ಕೊರೆದಿರುತ್ತಾರೆ. ಅದು ಅಳಿಸಿಹೋಗಿದ್ದರೆ, ಗೋಡೆ ಒಳಕ್ಕೆ ಬಾಗಿದ್ದರೆ, ಕಡ್ಡಿಯ ತೂತಿನ ಸುತ್ತ ಬಿರುಕು ಕಂಡಿದ್ದರೆ ಆ ರಿಮ್ಮಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಟೈರಿನ ಗಾಳಿಯ ಒತ್ತಡಕ್ಕೆ ಅಂತಹ ಗೋಡೆ ಒಮ್ಮೆಲೇ ಸೀಳಿಹೋಗಬಹುದು. ಇಳಿಜಾರಿನಲ್ಲಿ ಹಾಗಾದರೆ ಸವಾರನೂ ಅವನ ಎದುರಿಗೆ ನಡೆದುಬರುತ್ತಿರುವವರೂ ಅಪಾಯಕ್ಕೆ ಗುರಿಯಾಗುತ್ತಾರೆ. ಇಂತಹ ರಿಮ್ಮನ್ನು ಬದಲಿಸುವುದು ಪರಿಗ್ರಹವಲ್ಲ, ಬದಲಿಸದಿರುವುದೇ ದೋಷ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸರಳತೆಗೂ ತನ್ನದೇ ಆದ ಅಹಂಕಾರವಿರುತ್ತದೆ. ಬಿರುಕುಬಿಟ್ಟ ರಿಮ್ಮಿನಲ್ಲಿಯೇ ಸವಾರಿ ಮಾಡುತ್ತ “ಹದಿನೈದು ವರ್ಷವಾದರೂ ಒಂದು ಭಾಗವನ್ನೂ ಬದಲಿಸಿಲ್ಲ” ಎಂದು ಹೇಳಿಕೊಳ್ಳುವವನು ಅಪರಿಗ್ರಹಿಯಲ್ಲ. ಅವನು ವಸ್ತುವಿನ ಬದಲಿಗೆ ತನ್ನ ತ್ಯಾಗದ ಹೆಸರನ್ನು ಸಂಗ್ರಹಿಸುತ್ತಿದ್ದಾನೆ. ಹಣ ಖರ್ಚಾಗುತ್ತದೆಂಬ ಒಂದೇ ಕಾರಣದಿಂದ ಹಳೆಯದಕ್ಕೆ ಅಂಟಿಕೊಳ್ಳುವುದೂ ಲೋಭವೇ. ಲೋಭಕ್ಕೆ ಸಂಯಮದ ಹೆಸರು ಒಪ್ಪುವುದಿಲ್ಲ.

ಆದರೆ ಚಕ್ರದಲ್ಲಿ ದೋಷವಿದೆ ಎಂದ ಮಾತ್ರಕ್ಕೆ ಇಡೀ ಚಕ್ರವೇ ಕೆಟ್ಟಿದೆ ಎಂದಾಗುವುದಿಲ್ಲ. ಹಬ್ಬು, ಕಡ್ಡಿ, ನಿಪ್ಪಲ್ಲು, ರಿಮ್ಮು, ಟೈರು ಇವೆಲ್ಲ ಕೂಡಿ ಚಕ್ರವಾಗಿದೆ. ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆಯಾಗಿ ಬದಲಿಸಬಹುದು. ಮುರಿದ ಕಡ್ಡಿಯ ಜಾಗಕ್ಕೆ ಅದೇ ಉದ್ದದ ಕಡ್ಡಿ ಬರುತ್ತದೆ. ಅಲುಗಾಟ ಹಬ್ಬಿನೊಳಗಿನದಾದರೆ ಗುಂಡು ಬದಲಿಸಿ ಗ್ರೀಸು ತುಂಬಿದರೆ ಸಾಕಾಗುವುದುಂಟು. ರಿಮ್ಮು ಸೊಟ್ಟಗಾಗಿದ್ದರೆ, ಕಡ್ಡಿಗಳನ್ನು ಹದವರಿತು ಬಿಗಿಮಾಡಿ ಸಡಿಲಿಸಿ ಬೆಂಡು ತೆಗೆಯುವುದನ್ನು ಬಲ್ಲವರು ಪ್ರತಿ ಊರಿನ ಸೈಕಲ್ ಅಂಗಡಿಯಲ್ಲಿಯೂ ಇದ್ದಾರೆ. ರಿಮ್ಮೇ ಸವೆದಿದ್ದರೂ ಹಬ್ಬನ್ನು ಉಳಿಸಿಕೊಂಡು ಅಷ್ಟೇ ತೂತುಗಳ ಹೊಸ ರಿಮ್ಮನ್ನು ಕಟ್ಟಿಸಬಹುದು. ಕಡ್ಡಿ ಕೂಡುವ ಜಾಗದ ವ್ಯಾಸ ಎರಡರಲ್ಲಿಯೂ ಒಂದೇ ಆಗಿದ್ದರೆ ಹಳೆಯ ಕಡ್ಡಿಗಳೂ ಬಳಕೆಗೆ ಬರುತ್ತವೆ. ಉದಾಹರಣೆಯ ಶ್ರಾವಕನು “ಚಕ್ರ ಕೆಟ್ಟುಹೋಯಿತು” ಎಂದಾಗ ಕೆಟ್ಟಿರುವುದು ಯಾವ ಭಾಗ ಎಂದು ಕೇಳಿಕೊಂಡಿರಲಿಲ್ಲ. ಪೂರ್ತಿ ಸುಳ್ಳಲ್ಲದ, ಪೂರ್ತಿ ನಿಜವೂ ಅಲ್ಲದ ಇಂತಹ ಮಾತಿನಲ್ಲಿಯೇ ಬಯಕೆ ನುಸುಳುತ್ತದೆ.

ಇನ್ನು ಮೇಲ್ದರ್ಜೆಯ ಚಕ್ರದ ಪಕ್ಷ. ಅನೇಕಾಂತವನ್ನು ಒಪ್ಪಿದವನು ಇದನ್ನೂ ನ್ಯಾಯವಾಗಿ ಕೇಳಬೇಕು. ಹೊಸ ಚಕ್ರಗಳಲ್ಲಿ ಗುಣವಿಲ್ಲವೆಂದು ಹೇಳುವುದು ಸರಿಯಲ್ಲ. ದೊಡ್ಡ ವ್ಯಾಸದ ಚಕ್ರ ಕಲ್ಲುಬೇರುಗಳ ಮೇಲೆ ಸುಲಭವಾಗಿ ಹಾಯುತ್ತದೆ. ಅಗಲವಾದ ರಿಮ್ಮಿನಲ್ಲಿ ಟ್ಯೂಬಿಲ್ಲದ ಟೈರನ್ನು ಕಡಿಮೆ ಗಾಳಿಯಲ್ಲಿ ಓಡಿಸಬಹುದು. ನೆಲದ ಹಿಡಿತ ಹೆಚ್ಚುತ್ತದೆ, ಪಂಕ್ಚರ್ ಕಡಿಮೆಯಾಗುತ್ತದೆ. ಡಿಸ್ಕ್ ಬ್ರೇಕು ರಿಮ್ಮನ್ನು ಸವೆಸುವುದಿಲ್ಲ. ಇವು ನಿಜವಾದ ಲಾಭಗಳು. ತೂಕದ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ ಕಥೆಯನ್ನು ಹೇಳುತ್ತದೆ. ಎರಡೂ ಚಕ್ರಗಳಿಂದ 400 ಗ್ರಾಂ ತೂಕ ಇಳಿಯಿತೆಂದು ಇಟ್ಟುಕೊಂಡರೆ, 70 ಕಿಲೋ ತೂಕದ ಸವಾರ ಮತ್ತು 14 ಕಿಲೋ ತೂಕದ ಸೈಕಲ್ಲು ಸೇರಿದ 84 ಕಿಲೋದಲ್ಲಿ ಅದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ತಿರುಗುವ ಅಂಚಿನ ತೂಕ ವೇಗ ಹೆಚ್ಚಿಸುವಾಗ ಸುಮಾರು ಇಮ್ಮಡಿಯಾಗಿ ಲೆಕ್ಕಕ್ಕೆ ಬರುತ್ತದೆ ಎಂಬುದು ನಿಜ. ಆದರೆ ಒಂದೇ ವೇಗದಲ್ಲಿ ಏರು ಹತ್ತುವಾಗ ಅದಕ್ಕೆ ವಿಶೇಷ ಮಹತ್ತ್ವವಿಲ್ಲ. ಸ್ಪರ್ಧೆಗೆ ಇಳಿಯುವವನಿಗೆ ಈ ಅಂತರ ಬೇಕಾಗಬಹುದು. ಭಾನುವಾರದ ಸವಾರನಿಗೆ ಅದರಿಂದ ಸಿಗುವುದು ಹೊಸತನದ ಸಂತೋಷವೇ ಹೊರತು ಅಗತ್ಯದ ಪೂರೈಕೆಯಲ್ಲ.

ಒಂದು ವಸ್ತು ಇನ್ನೊಂದನ್ನು ಕರೆಯುವ ಬಗೆಯನ್ನು ಇಲ್ಲಿ ಗಮನಿಸಬೇಕು. ಟೈರು ಕೂಡುವ ಜಾಗದಲ್ಲಿ ಅಳೆದರೆ ಮೌಂಟನ್ ಬೈಕಿನ 26 ಅಂಗುಲದ ರಿಮ್ಮಿನ ವ್ಯಾಸ 559 ಮಿಲಿಮೀಟರು, 27.5 ಅಂಗುಲದ್ದು 584, 29 ಅಂಗುಲದ್ದು 622. ಹಳೆಯ ಫ್ರೇಮಿನಲ್ಲಿ ಹಿಂದಿನ ಹಬ್ಬು ಕೂಡುವ ಅಗಲ ಸಾಮಾನ್ಯವಾಗಿ 135 ಮಿಲಿಮೀಟರು. ಈಚಿನವುಗಳಲ್ಲಿ ಹೆಚ್ಚಾಗಿ ಕಾಣುವುದು 148. ಆದ್ದರಿಂದ ಹೊಸ ಬಗೆಯ ಚಕ್ರ ಬೇಕೆಂದರೆ ಹಳೆಯ ಫ್ರೇಮು ಒಪ್ಪುವುದಿಲ್ಲ. ಹನ್ನೆರಡು ಗೇರುಗಳಿಗಾಗಿ ಮಾಡಿದ ಹಬ್ಬಿನ ಮೇಲೆ ಒಂಬತ್ತು ಗೇರುಗಳ ಹಲ್ಲುಚಕ್ರ ಅನೇಕ ವೇಳೆ ಕೂಡುವುದಿಲ್ಲ. ಅದನ್ನು ಬದಲಿಸಿದರೆ ಚೈನು, ಗೇರು, ಗೇರಿನ ಹಿಡಿ ಎಲ್ಲವೂ ಬದಲಾಗಬೇಕು. ಒಂದು ರಿಮ್ಮಿನಿಂದ ಆರಂಭವಾದ ವಿಚಾರ ಹೊಸ ಸೈಕಲ್ಲಿನಲ್ಲಿ ಮುಗಿಯುತ್ತದೆ. 2010ರ ದಶಕದ ನಡುಭಾಗದ ಹೊತ್ತಿಗೆ ಹೆಸರುವಾಸಿ ತಯಾರಕರ ಉತ್ತಮ ದರ್ಜೆಯ ಹೊಸ ಮಾದರಿಗಳಲ್ಲಿ 26 ಅಂಗುಲದ ಚಕ್ರ ಬಹುಮಟ್ಟಿಗೆ ಮರೆಯಾಯಿತು. ಹೀಗಾಗಿ ಹಳೆಯ ಸೈಕಲ್ಲನ್ನು ಉಳಿಸಿಕೊಳ್ಳಬೇಕೆನ್ನುವವನಿಗೆ ಆಯ್ಕೆಗಳು ಕಡಿಮೆಯಾಗಿವೆ ಎಂಬುದನ್ನೂ ಒಪ್ಪಬೇಕು. ಆದರೆ ಆಯ್ಕೆ ಕಡಿಮೆಯಾಗಿದೆ ಎನ್ನುವುದು ಬೇರೆ, ಸಿಗುವುದೇ ಇಲ್ಲ ಎನ್ನುವುದು ಬೇರೆ. ಆ ಅಳತೆಯ ರಿಮ್ಮೂ ಟೈರೂ ಇಂದಿಗೂ ದೊರೆಯುತ್ತವೆ. ಹುಡುಕದೆಯೇ ಸಿಗುವುದಿಲ್ಲವೆಂದು ನಿರ್ಧರಿಸುವವನು ತನಗೆ ಬೇಕಾದ ಉತ್ತರವನ್ನು ಮೊದಲೇ ಆರಿಸಿಕೊಂಡಿದ್ದಾನೆ.

ಈ ಪ್ರಶ್ನೆಯಲ್ಲಿ ಶ್ರಾವಕಾಚಾರ ಏನು ಹೇಳುತ್ತದೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು ಗುರುತಿಸಿದ್ದಾರೆ. ವಸ್ತುವಿನಲ್ಲಿ ಮನಸ್ಸು ಮೈಮರೆಯುವುದೇ ಬಂಧನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಬಳಸಿ ಬಿಡತಕ್ಕದ್ದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸತಕ್ಕದ್ದನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳುವಂತೆ ಗೃಹಸ್ಥನಿಗೆ ತಿಳಿಸುತ್ತದೆ. ಅನ್ನ ಭೋಗ, ಉಡುವ ಬಟ್ಟೆ ಉಪಭೋಗ. ಚಕ್ರವೂ ಉಪಭೋಗದ ವಸ್ತು. ಅದು ಬಳಸಿ ಬಳಸಿ ಸವೆಯಬೇಕಾದದ್ದು. ಅದರ ಆಯುಷ್ಯ ಮುಗಿಯುವ ಮೊದಲೇ ಬಿಟ್ಟುಬಿಟ್ಟರೆ ಉಪಭೋಗವನ್ನು ಭೋಗವಾಗಿ ಮಾಡಿದಂತಾಗುತ್ತದೆ. ಪರಿಗ್ರಹ ಪರಿಮಾಣಕ್ಕೆ ಅದೇ ಗ್ರಂಥ ಹೇಳುವ ಅತಿಚಾರಗಳಲ್ಲಿ ‘ವಿಸ್ಮಯ’ ಎಂಬುದೊಂದಿದೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಮನಸ್ಸು ಕದಡಿಕೊಳ್ಳುವುದು ಎಂದು ಅದನ್ನು ತಿಳಿಯಬಹುದು. ಗೆಳೆಯರ ಕಾರ್ಬನ್ ಚಕ್ರಗಳನ್ನು ನೋಡುವವರೆಗೆ ಶ್ರಾವಕನಿಗೆ ತನ್ನ ಚಕ್ರದಲ್ಲಿ ಕೊರತೆ ಕಂಡಿರಲಿಲ್ಲವಾದರೆ, ಆ ಕೊರತೆ ಇರುವುದು ಚಕ್ರದಲ್ಲಿ ಅಲ್ಲ.

ಹಾಗೆಂದು ಶ್ರಾವಕನಿಗೆ ಬಯಕೆಯೇ ಇರಬಾರದೆಂದು ಧರ್ಮ ವಿಧಿಸುವುದಿಲ್ಲ. ಸಂಪೂರ್ಣ ತ್ಯಾಗ ಮುನಿಗಳ ಮಾರ್ಗ. ಗೃಹಸ್ಥನು ತನ್ನ ಬಯಕೆಗೆ ತಾನೇ ಒಂದು ಗೆರೆ ಎಳೆದುಕೊಂಡು ಅದರೊಳಗೆ ಸಂತೋಷದಿಂದ ಇರಬಹುದು. ಆ ಗೆರೆಯೊಳಗೆ ಸ್ಥಳವಿದ್ದರೆ, “ಇದು ನನ್ನ ಬಯಕೆ” ಎಂದು ತಿಳಿದೇ ಅವನು ಉತ್ತಮ ಚಕ್ರವನ್ನು ಕೊಂಡರೆ ವ್ರತಭಂಗವಾಗುವುದಿಲ್ಲ. ಅಪಾಯವಿರುವುದು ಬಯಕೆಗೆ ಅಗತ್ಯದ ಹೆಸರಿಡುವಲ್ಲಿ. ಪರಿಮಾಣವೆಂಬುದು ಬಯಕೆಗೆ ಹಾಕಿದ ಮಿತಿ. ಅಗತ್ಯಕ್ಕೆ ಯಾರೂ ಮಿತಿ ಹಾಕಿಕೊಳ್ಳುವುದಿಲ್ಲ, ಹಾಕಲೂ ಆಗುವುದಿಲ್ಲ. ಆದ್ದರಿಂದ ಅಗತ್ಯದ ವೇಷ ತೊಟ್ಟ ಬಯಕೆ ಲೆಕ್ಕಕ್ಕೆ ಸಿಗದೆ ಗೆರೆಯನ್ನು ದಾಟಿಹೋಗುತ್ತದೆ. ಹತ್ತು ವರ್ಷ ಹೀಗೆ ನಡೆದರೆ ವ್ರತ ಪುಸ್ತಕದಲ್ಲಿ ಉಳಿದಿರುತ್ತದೆ, ಮನೆಯಲ್ಲಿ ಉಳಿದಿರುವುದಿಲ್ಲ. ಅಪರಿಗ್ರಹ ಸತ್ಯವನ್ನು ಅವಲಂಬಿಸಿರುವುದು ಹೀಗೆ. ಪರರಿಗೆ ಸುಳ್ಳು ಹೇಳದಿರುವುದು ಸತ್ಯದ ಮೊದಲ ಮೆಟ್ಟಿಲು. ತನ್ನ ಖರೀದಿಯ ಕಾರಣವನ್ನು ತನಗೆ ತಾನು ಸರಿಯಾಗಿ ಹೇಳಿಕೊಳ್ಳುವುದು ಅದಕ್ಕಿಂತ ಕಠಿಣವಾದದ್ದು.

ಈ ಸತ್ಯ ಕೇವಲ ಮನಸ್ಸಿನ ಶುದ್ಧಿಗಾಗಿ ಅಲ್ಲ. ವಸ್ತುವಿನ ಹಿಂದೆ ಜೀವಲೋಕದ ನೋವಿದೆ. ಒಂದು ಕಿಲೋ ಅಲ್ಯೂಮಿನಿಯಂ ಪಡೆಯಲು ನಾಲ್ಕೈದು ಕಿಲೋ ಬಾಕ್ಸೈಟ್ ಅದಿರನ್ನು ಅಗೆಯಬೇಕು. ವಿದ್ಯುತ್ತಿನಿಂದ ಲೋಹವನ್ನು ಬೇರ್ಪಡಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಅರ್ಧ ಕಿಲೋ ತೂಕದ ರಿಮ್ಮಿಗಾಗಿಯೂ ಎಲ್ಲೋ ಒಂದು ಬೆಟ್ಟದ ಮೈ ಅಷ್ಟು ಕರಗುತ್ತದೆ. ಹಳೆಯ ಅಲ್ಯೂಮಿನಿಯಮ್ಮನ್ನು ಮರಳಿ ಕರಗಿಸಿದರೆ ಮಾತ್ರ ಹೊಸದಕ್ಕೆ ಬೇಕಾಗುವ ಶಕ್ತಿಯ ನೂರಕ್ಕೆ ಐದರಷ್ಟು ಸಾಕು. ಕಾರ್ಬನ್ ರಿಮ್ಮಿಗೆ ಈ ಅನುಕೂಲವೂ ಇಲ್ಲ. ಅದರ ನಾರುಗಳನ್ನು ಹಿಡಿದಿಡುವ ರಾಳ ಒಮ್ಮೆ ಗಟ್ಟಿಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಕರಗುವುದಿಲ್ಲ. ಟೈರಿನ ರಬ್ಬರನ್ನು ಹದಗೊಳಿಸಲು ಬಳಸುವ ಸ್ಟಿಯರಿಕ್ ಆಮ್ಲವು ಸಸ್ಯದ ಎಣ್ಣೆಯಿಂದಲೂ ಬಂದಿರಬಹುದು, ಪ್ರಾಣಿಗಳ ಕೊಬ್ಬಿನಿಂದಲೂ ಬಂದಿರಬಹುದು. ಹೊರಗಿನಿಂದ ನೋಡಿ ತಿಳಿಯುವ ಉಪಾಯವಿಲ್ಲ. ಗೃಹಸ್ಥನು ಆರಂಭಿ ಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರನೆಂಬುದನ್ನು ಆಚಾರ್ಯರು ಬಲ್ಲರು. ಪ್ರಯೋಜನವಿಲ್ಲದ ಹಿಂಸೆಯನ್ನು, ಎಂದರೆ ಅನರ್ಥದಂಡವನ್ನು ಬಿಡಬೇಕೆಂಬುದು ಅವರ ಅಪ್ಪಣೆ. ಇನ್ನೂ ಓಡಬಲ್ಲ ಚಕ್ರವನ್ನು ಗುಜರಿಗೆ ಹಾಕಿ ಹೊಸದನ್ನು ತರುವುದು ಈ ಮಾತಿನ ವ್ಯಾಪ್ತಿಗೆ ಬರುತ್ತದೆ.

ಚಕ್ರ ಎಲ್ಲಿಗೆ ಒಯ್ಯುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ. ಮಳೆಗಾಲದಲ್ಲಿ ನೆಲದ ಮೇಲೆ ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ ಎಂಬ ಕಾರಣದಿಂದಲೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸುತ್ತಾರೆ. ಕೆಸರಿನಲ್ಲಿ ಹೆಚ್ಚು ಹಿಡಿತ ಬೇಕೆಂದು ಅಗಲವಾದ ಚಕ್ರವನ್ನು ಬಯಸುವ ಶ್ರಾವಕನು ಆ ತಿಂಗಳುಗಳಲ್ಲಿ ಕಾಡಿನ ಒದ್ದೆ ದಾರಿಯನ್ನು ಬಿಟ್ಟು ಊರಿನ ರಸ್ತೆಯನ್ನು ಹಿಡಿದರೆ, ಖರೀದಿಯ ಅರ್ಧ ಕಾರಣವೇ ಇಲ್ಲವಾಗಬಹುದು.

ತೆಗೆದ ಚಕ್ರದ ಗತಿಯೇನು? “ಹಳೆಯದನ್ನು ಬಡ ಹುಡುಗನೊಬ್ಬನಿಗೆ ಕೊಟ್ಟರಾಯಿತು” ಎಂಬ ಸಮಾಧಾನ ಹಲವರಲ್ಲಿದೆ. ಚಕ್ರ ಗಟ್ಟಿಯಾಗಿದ್ದರೆ ಅದು ಒಳ್ಳೆಯದೇ. ಆದರೆ ಸವೆದ ರಿಮ್ಮನ್ನು ತನಗೆ ಅಪಾಯವೆಂದು ತೆಗೆದು ಇನ್ನೊಬ್ಬನಿಗೆ ಕೊಡುವುದು ದಾನವಲ್ಲ; ಅಪಾಯವನ್ನು ವರ್ಗಾಯಿಸುವುದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳು ಕೊಟ್ಟದ್ದು ಪಡೆದವರಿಗೆ ಬೇಕಾದದ್ದನ್ನು, ತನಗೆ ಬೇಡವಾದದ್ದನ್ನಲ್ಲ. ಸವೆದ ರಿಮ್ಮು ಹೋಗಬೇಕಾದದ್ದು ಲೋಹವನ್ನು ಕರಗಿಸುವವರ ಬಳಿಗೆ.

ಚಕ್ರದ ಮಾತು ಬಂದಾಗ ಜೈನರಿಗೆ ಭರತ ಚಕ್ರವರ್ತಿಯ ಕಥೆ ನೆನಪಾಗುವುದು ಸಹಜ. ಪಂಪನ ಆದಿಪುರಾಣದಿಂದ ಕನ್ನಡಿಗರಿಗೆ ಅದು ಚಿರಪರಿಚಿತ. ತಂದೆ ವೃಷಭನಾಥರಿಗೆ ಕೇವಲಜ್ಞಾನ ಉಂಟಾದ ವಾರ್ತೆ, ಆಯುಧಾಗಾರದಲ್ಲಿ ಚಕ್ರರತ್ನ ಕಾಣಿಸಿಕೊಂಡ ವಾರ್ತೆ, ಮಗ ಹುಟ್ಟಿದ ವಾರ್ತೆ, ಈ ಮೂರೂ ಭರತನಿಗೆ ಒಟ್ಟಿಗೆ ಬಂದವು. ಅವನು ಮೊದಲು ಹೋದದ್ದು ಜಿನರ ಪೂಜೆಗೆ. ಚಕ್ರವನ್ನು ಅವನು ತೊರೆಯಲಿಲ್ಲ; ಅದಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟನು. ಮುಂದೆ ಅದೇ ಭರತನು ಆ ಕ್ರಮವನ್ನು ಮರೆತು ತಮ್ಮನಾದ ಬಾಹುಬಲಿಯ ಮೇಲೆ ಚಕ್ರವನ್ನು ಪ್ರಯೋಗಿಸಿದಾಗ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೃಹಸ್ಥನು ವಸ್ತುಗಳ ನಡುವೆಯೇ ಬಾಳಬೇಕಾದವನು; ವಸ್ತುವಿಗಿಂತ ಮೊದಲು ಧರ್ಮದ ವಿಚಾರ ಬರಬೇಕೆಂಬ ಕ್ರಮವನ್ನು ಮಾತ್ರ ಅವನು ತಪ್ಪಬಾರದು.

ಈ ಕ್ರಮವನ್ನು ಆಚರಣೆಗೆ ತರುವುದು ಕಷ್ಟವೇನಲ್ಲ. ವ್ರತವನ್ನು ಜೀವನಪರ್ಯಂತ ತೆಗೆದುಕೊಂಡರೆ ಯಮ, ಕಾಲದ ಮಿತಿಯಿಟ್ಟು ತೆಗೆದುಕೊಂಡರೆ ನಿಯಮ. ಉದಾಹರಣೆಯ ಶ್ರಾವಕನು ಹೀಗೊಂದು ನಿಯಮವನ್ನು ತೆಗೆದುಕೊಳ್ಳಬಹುದು: ಕೆಟ್ಟ ಚಕ್ರದ ಸವಾರಿಯನ್ನು ಅಂದೇ ನಿಲ್ಲಿಸುವುದು, ಕೆಟ್ಟಿರುವ ಭಾಗ ಯಾವುದೆಂದು ಬಲ್ಲವರಿಂದ ತಿಳಿಯುವುದು, ಕೊಳ್ಳುವ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದಿಡುವುದು, ಆ ವಾಕ್ಯದಲ್ಲಿ ಗೆಳೆಯರ ಹೆಸರಾಗಲಿ ಹೊಸ ಮಾದರಿಯ ಹೆಸರಾಗಲಿ ಇದ್ದರೆ ಒಂದು ತಿಂಗಳು ಕಾಯುವುದು. ಹೀಗೆ ನೋಡಿದಾಗ ಅವನಿಗೆ ತಿಳಿದುಬರುವುದು ಇಷ್ಟಿರಬಹುದು: ಹಿಂದಿನ ರಿಮ್ಮು ಸವೆದಿದೆ, ಅದನ್ನು ಬದಲಿಸಲೇಬೇಕು, ಹಬ್ಬು ಗಟ್ಟಿಯಾಗಿದೆ, ಗ್ರೀಸು ತುಂಬಿದರೆ ಸಾಕು, ಮುಂದಿನ ಚಕ್ರಕ್ಕೆ ಏನೂ ಆಗಿಲ್ಲ. ಮುಂದೊಮ್ಮೆ ಫ್ರೇಮೇ ಬಿರುಕು ಬಿಟ್ಟಾಗ, ಅಥವಾ ಆ ಅಳತೆಯ ರಿಮ್ಮು ನಿಜವಾಗಿಯೂ ಸಿಗದಂತಾದಾಗ, ಅವನು ಹೊಸ ಬಗೆಯ ಸೈಕಲ್ಲನ್ನು ಅಳುಕಿಲ್ಲದೆ ಕೊಳ್ಳಬಹುದು. ಪರಿಮಾಣದ ಲೆಕ್ಕದಲ್ಲಿ ಅದನ್ನು ಬರೆಯಲೂಬಹುದು.

ಮನೆಯ ವಸ್ತುಗಳ ಸಂಖ್ಯೆ ಮಾತ್ರದಿಂದ ಅಪರಿಗ್ರಹವನ್ನು ಅಳೆಯಲಾಗದು. ಪ್ರತಿಯೊಂದು ವಸ್ತುವೂ ಯಾವ ಕಾರಣದಿಂದ ಒಳಗೆ ಬಂದಿತು ಎಂಬುದನ್ನು ಮರೆಮಾಚದೆ ಹೇಳಬಲ್ಲವನೇ ತನ್ನ ವ್ರತದ ಗೆರೆಯನ್ನು ಕಾಯಬಲ್ಲನು. ಸೈಕಲ್ಲಿನ ರಿಮ್ಮಿನ ವಿಷಯದಲ್ಲಿ ಇದನ್ನು ಅಭ್ಯಾಸ ಮಾಡಿದವನಿಗೆ ಮನೆ, ಜಮೀನು, ಚಿನ್ನಗಳ ವಿಷಯದಲ್ಲಿಯೂ ಅದು ನೆರವಿಗೆ ಬರುತ್ತದೆ.